ಪಡುವಳಿವೆಯ ಮುನಿಸುಗಲ್ಲು

ಪಡುವಳಿವೆಗೆ ಬಂದವರು ಬಸ್ಸಿನಿಂದ ಇಳಿದ ಕೂಡಲೇ ದೀಪಸ್ತಂಭದ ಕಡೆ ಓಡುತ್ತಾರೆ. ಓಡಲಿ, ಅದೂ ನೋಡತಕ್ಕದ್ದೇ. ಅಲ್ಲಿಂದ ಇಳಿದರೆ ಮೆಣಸಿನ ಹಡಗುಗಳ ಕಾಲದ ಸುಂಕದಕಟ್ಟೆ ಸಿಗುತ್ತದೆ. ಅದರ ಗಾರೆಗೆ ನಲವತ್ತು ಗಾಡಿ ಬೆಲ್ಲ ಸುರಿದಿದ್ದರಂತೆ. ಆ ಕಾರಣಕ್ಕೇ ಇಂದಿಗೂ ಇರುವೆಗಳು ತಲೆತಲಾಂತರದಿಂದ ಆ ಗೋಡೆ ಬಿಟ್ಟು ಕೆಳಗಿಳಿದಿಲ್ಲ. ಅದನ್ನು ದಾಟಿದರೆ ಮುರಿದ ಬುರುಜು, ಬುರುಜಿನ ಬುಡದಲ್ಲಿ ಸಿಹಿನೀರಿನ ಬಾವಿ. ಕಡಲಿನಿಂದ ಅರವತ್ತು ಹೆಜ್ಜೆಯಲ್ಲಿದ್ದರೂ ಅದರ ನೀರು ಎಳನೀರಿನ ಹಾಗಿದೆ. ಹೊಳೆ ಕಡಲು ಸೇರುವ ಅಳಿವೆಯ ಆಚೆ ದಡದ ಬಡಗುಬಂದರಿನವರು ತಮ್ಮಲ್ಲೂ ಇಂಥದೇ ಬಾವಿ ಇದೆ ಎಂದು ಹೇಳಿಕೊಂಡು ತಿರುಗುವುದುಂಟು. ಅವರ ಬಾವಿಯ ನೀರನ್ನು ಒಮ್ಮೆ ಕುಡಿದವರು ಎರಡನೆಯ ಸಲ ಕುಡಿದದ್ದನ್ನು ಯಾರೂ ಕಂಡಿಲ್ಲ. ಇವೆಲ್ಲ ಮುಗಿದ ಮೇಲೆ, ಕಾಲಿನಲ್ಲಿ ಕಸುವು ಉಳಿದಿದ್ದರೆ, ಬಂದರಿನ ಹಿಂದಿನ ಕೆಂಪು ಮುರಕಲ್ಲಿನ ಗುಡ್ಡ ಹತ್ತಬೇಕು. ಗುಡ್ಡದ ನೆತ್ತಿಯಲ್ಲಿ ಎತ್ತು ಮಲಗಿದಂಥ ಒಂದು ಬಂಡೆಯಿದೆ. ಬಂಡೆಯ ಮೇಲೆ ಎರಡು ಗುಳಿಗಳಿವೆ. ಮನುಷ್ಯ ಕೂತು ಕೂತು ಸವೆದ ಗುಳಿಗಳು. ಒಂದರಲ್ಲಿ ಕೂತರೆ ಕಡಲು ಪೂರಾ ಕಾಣುತ್ತದೆ. ಇನ್ನೊಂದರಲ್ಲಿ ಕೂತರೆ ಕಡಲು ಬೆನ್ನಿಗೆ ಬೀಳುತ್ತದೆ, ಮುಂದೆ ಹೊಳೆ, ತೆಂಗಿನ ತೋಪು, ದೂರದಲ್ಲಿ ಘಟ್ಟ. ಇಷ್ಟು ಚಂದದ ಕಡಲಿಗೆ ಬೆನ್ನು ಹಾಕಿ ಕೂತವನು ಯಾರು ಎಂದು ಬಂದವರು ಕೇಳುತ್ತಾರೆ. ಬಂಡೆಯ ಹೆಸರು ಮುನಿಸುಗಲ್ಲು. ಹೆಸರು ಬಂದ ಬಗೆಯನ್ನು ನಮ್ಮ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ದೀಪಸ್ತಂಭವಿಲ್ಲದ ಕಾಲದಲ್ಲಿ, ಈ ಬಂಡೆಯ ಮೇಲೆ ಬಚ್ಚ ಮೊಗವೀರ ಎಂಬವನು ಕೂರುತ್ತಿದ್ದ. ಅವನ ಕೆಲಸ ನೋಡುವುದು. ನೋಡುವುದೂ ಒಂದು ಕೆಲಸವೇ ಎಂದು ನಗಬೇಡಿ. ಊರಿನ ದೊಡ್ಡ ಬಲೆ ಅರ್ಧ ಹರದಾರಿ ಉದ್ದದ್ದು. ದೋಣಿಯವರು ಅದನ್ನು ಕಡಲಿನಲ್ಲಿ ಬಿಲ್ಲಿನ ಹಾಗೆ ಬಿಟ್ಟು ಬರಬೇಕು, ದಡದಲ್ಲಿ ಊರಿಗೆ ಊರೇ ನಿಂತು ಎರಡು ಕಡೆಯ ಹಗ್ಗ ಎಳೆಯಬೇಕು. ಆದರೆ ಮೀನಿನ ಹಿಂಡು ಎಲ್ಲಿದೆ ಎಂಬುದು ನೀರಿನಲ್ಲಿ ಇರುವವನಿಗೆ ಕಾಣುವುದಿಲ್ಲ, ಎತ್ತರದಲ್ಲಿ ಇರುವವನಿಗೇ ಕಾಣುವುದು. ಅದಕ್ಕೇ ಬಚ್ಚನ ಕೈಗೆ ಊರಿನವರು ಬಿಳಿಯ ಬಟ್ಟೆಯೊಂದನ್ನು ಕೊಟ್ಟಿದ್ದರು. ಬಲಗೈಯಲ್ಲಿ ಚಾಚಿದರೆ ದೋಣಿ ಬಡಗಿಗೆ, ಎಡಗೈಯಲ್ಲಿ ಚಾಚಿದರೆ ತೆಂಕಿಗೆ, ತಲೆಯ ಮೇಲೆತ್ತಿದರೆ ಬಲೆ ಬಿಡಬೇಕು. ಬಟ್ಟೆಗೆ ಇದ್ದದ್ದು ಈ ಮೂರೇ ಮಾತು. ಬಟ್ಟೆ ಹಿಡಿದವನಿಗೆ ಎರಡು ಕಟ್ಟಳೆ: ಬಲೆ ದಡಕ್ಕೆ ಬರುವ ತನಕ ಬಂಡೆ ಬಿಟ್ಟು ಇಳಿಯಬಾರದು, ಜೀವ ಇರುವ ತನಕ ಬಟ್ಟೆಯನ್ನು ಬೇರೆಯವರಿಗೆ ಕೊಡಬಾರದು. ಪ್ರತಿಯಾಗಿ, ಎಳೆದ ಮೀನಿನಲ್ಲಿ ಮೊದಲ ಬುಟ್ಟಿ ಅವನದು. ಊರ ಗುರಿಕಾರನಿಗೂ ಎರಡನೆಯ ಬುಟ್ಟಿಯೇ.

ಬಚ್ಚನ ಕಣ್ಣು ಎಂದರೆ ಸಾಮಾನ್ಯದ್ದಲ್ಲ. ಅರಬರ ಹಡಗು ಬಂದರು ಮುಟ್ಟುವ ಮೂರು ದಿನ ಮೊದಲೇ ಅದರ ಪಟದಲ್ಲಿ ಎಷ್ಟು ತೇಪೆ ಇದೆ ಎಂದು ಹೇಳುತ್ತಿದ್ದ. ಬಂಗುಡೆ ಬಂದರೆ ನೀರು ಯಾವ ಕಪ್ಪು, ಬೂತಾಯಿ ಬಂದರೆ ಯಾವ ಕೆಂಪು ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತು. ಹಿಂಡಿನಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಎಂದು ಗುಡ್ಡದ ಮೇಲಿನಿಂದಲೇ ಹೇಳುತ್ತಿದ್ದ, ಬಲೆ ಎಳೆದು ನೋಡಿದರೆ ಒಂದೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ ಎನ್ನುತ್ತಾರೆ. ಮೊದಲ ಬುಟ್ಟಿಯನ್ನು ಅವನ ಹೆಂಡತಿ ಚಿಕ್ಕು ತಲೆಯ ಮೇಲೆ ಹೊತ್ತು ಕೇರಿಯ ನಡುವೆ ನಡೆದರೆ ಬಾಗಿಲು ಬಾಗಿಲಿನಲ್ಲಿ ಜನ. ಬಚ್ಚ ಹಿಂದಿನಿಂದ, ಕೈ ಬೀಸಿಕೊಂಡು, ಯಾರನ್ನೂ ನೋಡದವನ ಹಾಗೆ ಎಲ್ಲರನ್ನೂ ನೋಡುತ್ತಾ ಬರುತ್ತಿದ್ದ. ಆ ನಡಿಗೆಗಾಗಿಯೇ ಅವನು ಬದುಕಿದ್ದದ್ದು.

ಗುಡ್ಡದ ಬುಡದ ಬಂಡೆಗಳ ಮೇಲೆ ದಾರು ಎಂಬ ಹೆಂಗಸು ಮೀನು ಒಣಗಿಸುತ್ತಿದ್ದಳು. ತೆಂಕಣ ಊರಿನಿಂದ ಮದುವೆಯಾಗಿ ಬಂದವಳು. ಗಂಡ ಹೋದ ದೋಣಿ ತಿರುಗಿ ಬರಲಿಲ್ಲ. ಹನ್ನೆರಡು ವರ್ಷ ಅವಳು ಕಡಲಿನ ಗೆರೆ ನೋಡುತ್ತಲೇ ಮೀನು ಮಗುಚಿದಳು, ಹಾಗೆ ನೋಡಿ ನೋಡಿ ಅವಳ ಕಣ್ಣು ಸಾಣೆ ಹಿಡಿದ ಕತ್ತಿಯಂತಾಯಿತು ಎನ್ನುತ್ತಾರೆ. ಒಂದು ಬೆಳಿಗ್ಗೆ ದೋಣಿಗಳು ನೀರಿಗಿಳಿದು ಬಟ್ಟೆಗೆ ಕಾಯುತ್ತಿದ್ದವು. ಅಳಿವೆಯ ಬಾಯಿಯ ಆಚೆ ನೀರಿನ ಮೇಲೆ ಒಂದು ಕಪ್ಪು. ಬಚ್ಚ ನೋಡಿದ, ಮೋಡದ ನೆರಳು ಎಂದ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆಗ ಕೆಳಗಿನ ಬಂಡೆಯಿಂದ ದಾರು ಕೂಗಿದಳು.

“ಹ್ವಾಯ್ ಬಚ್ಚಣ್ಣ, ಗಾಳಿಗೆ ಎದ್ರಾಗಿ ಈಜು ನೆರಳ್ ಎಲ್ಲಾದ್ರೂ ಕಂಡಿದ್ರ್ಯಾ?”

“ಒಣಮೀನ್ ಮಗಚು ಹೆಣ್ಣಿಗೆ ಹಸಿಮೀನಿನ್ ಸುದ್ದಿ ಎಂತಕ್ಕೆ?” ಎಂದು ಬಚ್ಚ ಮೇಲಿನಿಂದಲೇ ಉಗುಳಿದ. ಆದರೆ ದೋಣಿಯವರ ಹಿರಿಯ ಕುಪ್ಪಯ್ಯ ತಾಂಡೇಲ ತಲೆ ಎತ್ತಿ ನೋಡಿದ. ಗಾಳಿ ಬಡಗಿನದು, ಕಪ್ಪು ಬಡಗಿಗೇ ಹೋಗುತ್ತಿತ್ತು. ಬಟ್ಟೆಗೆ ಕಾಯದೆ ಅವನು ದೋಣಿ ತಿರುಗಿಸಿದ. ಆ ದಿನ ಎಳೆದ ಬಂಗುಡೆಯನ್ನು ಹಾಕಲು ಊರಿನ ಬುಟ್ಟಿ ಸಾಲದೆ ತೊಟ್ಟಿಲು ತಂದರು, ತೊಟ್ಟಿಲೂ ಸಾಲದೆ ಪಲ್ಲಕ್ಕಿ ತಂದರು. ಒಂಬತ್ತು ದಿನ ಪಡುವಳಿವೆಯ ಕಾಗೆಗಳು ಹೊಟ್ಟೆ ಭಾರಕ್ಕೆ ಹಾರಲಾರದೆ ನಡೆದುಕೊಂಡೇ ತಿರುಗಿದವು. ಮೊದಲ ಬುಟ್ಟಿ ದಾರುವಿನ ಮನೆಗೆ ಹೋಯಿತು. ಕೇರಿಯಲ್ಲಿ ಬಾಗಿಲು ಬಾಗಿಲಿನಲ್ಲಿ ಜನ ನಿಂತದ್ದನ್ನು ಬಚ್ಚ ಗುಡ್ಡದ ಮೇಲಿನಿಂದ ನೋಡಿದ. ಅಷ್ಟು ದೂರದಿಂದಲೂ ಒಬ್ಬೊಬ್ಬರ ಮುಖದ ನಗು ಅವನಿಗೆ ಬಿಡಿಸಿ ಕಂಡಿತು. ಒಳ್ಳೆಯ ಕಣ್ಣಿನ ಕಷ್ಟ ಅದು.

ಅಲ್ಲಿಂದ ಅವನ ಹೊಟ್ಟೆಯೊಳಗೆ ಬೆಂಕಿ ಹೊತ್ತಿತು. ಮರುದಿನದಿಂದ ದೋಣಿಯವರು ನೀರಿಗಿಳಿಯುವ ಮೊದಲು ಒಮ್ಮೆ ಮೇಲೆ ನೋಡುವರು, ಒಮ್ಮೆ ಕೆಳಗಿನ ಬಂಡೆಯ ಕಡೆ ನೋಡುವರು. ಬಚ್ಚ ಬಟ್ಟೆ ಬೀಸಿದರೂ ದಾರು ತಲೆ ಆಡಿಸುವ ತನಕ ಹುಟ್ಟು ಹಾಕುತ್ತಿರಲಿಲ್ಲ. ಅವಳು ಏನೂ ಕೇಳಿದವಳಲ್ಲ, ಜಂಬ ಮಾಡಿದವಳೂ ಅಲ್ಲ. ಜಂಬ ಮಾಡಿದ್ದರೆ ಬೈಯಬಹುದಿತ್ತು ಎಂಬುದೇ ಬಚ್ಚನ ಸಂಕಟ. ಕಡೆಗೆ ಊರಿನವರು ದೇವರ ಮುಂದೆ ಸೇರಿ ಮಾತಾಡಿದರು. ಬಟ್ಟೆ ಬಚ್ಚನಿಂದ ತೆಗೆಯುವ ಹಾಗಿಲ್ಲ, ಕಟ್ಟಳೆ. ಕಣ್ಣು ದಾರುವಿನದು ಬಿಡುವ ಹಾಗಿಲ್ಲ, ಹೊಟ್ಟೆಪಾಡು. ಕುಪ್ಪಯ್ಯ ತಾಂಡೇಲ ತೀರ್ಮಾನ ಹೇಳಿದ: “ಬಂಡಿಕಲ್ಲ್ ಎಂತ ಸಣ್ಣದಾ? ಇಬ್ರೂ ಕೂಕಣಿ. ಅವ್ಳ್ ಸೆರಗ್ ಬೀಸ್ಲಿ, ನಿನ್ ಬಟ್ಟಿ ನಿನ್ ಹತ್ರವೇ ಇರ್ಲಿ.”

ದಾರು ಬಂಡೆ ಹತ್ತಿದ ಬೆಳಿಗ್ಗೆ ಬಚ್ಚ ಎದ್ದು ನಿಂತ. ಇಳಿದು ಹೋಗುವನೆಂದು ಎಲ್ಲರೂ ಎಣಿಸಿದರು. ಇಳಿಯುವಂತಿಲ್ಲವಲ್ಲ. ಆದರೆ ಕಡಲಿಗೆ ಮುಖ ಮಾಡಿಯೇ ಕೂರಬೇಕೆಂದು ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ. ಅವನು ಗಿರಕ್ಕನೆ ತಿರುಗಿ ಘಟ್ಟದ ಕಡೆ ಮುಖ ಮಾಡಿ ಕೂತ. ಬಟ್ಟೆಯನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡ. ಹಾಗೆ ಕೂತವನು ಏಳು ವರ್ಷ ಕಡಲು ನೋಡಲಿಲ್ಲ.

ಏಳು ವರ್ಷ ಅವನು ನೋಡಿದ್ದು ಹೊಳೆಯನ್ನು. ಹೊಳೆಯಲ್ಲಿ ನೋಡುವಂಥದ್ದು ಏನಿದೆ? ಎಮ್ಮೆ ಇಳಿಯುವುದು, ಎಮ್ಮೆ ಹತ್ತುವುದು. ಕಳ್ಳು ಇಳಿಸುವ ಮೂರ್ತೆಯವನು ತೆಂಗಿನ ಮರ ಏರುವುದು. ಆದರೆ ಅವನ ಕಿವಿ ಮಾತ್ರ ಹಿಂದೆಯೇ ಇತ್ತು. ಕಡಲಹಕ್ಕಿಗಳ ಗದ್ದಲದಿಂದಲೇ ಎಷ್ಟು ಮೀನು ಬಿತ್ತು ಎಂದು ಲೆಕ್ಕ ಹಾಕುವನು. ಗದ್ದಲ ಕಡಿಮೆಯಾದರೆ ಮನಸ್ಸಿಗೆ ತಂಪು, ಜೋರಾದರೆ ಉರಿ. ಅವಳ ಸೆರಗು ಗಾಳಿಗೆ ಪಟಪಟ ಎಂದರೆ ತನ್ನ ಕೆನ್ನೆಗೇ ಹೊಡೆದ ಹಾಗೆ. ಹೊಟ್ಟೆಯ ಶಾಖಕ್ಕೆ ಅವನು ಕೂತ ಕಲ್ಲು ಮಳೆಗಾಲದಲ್ಲೂ ಒಣಗಿಯೇ ಇರುತ್ತಿತ್ತು, ಕೇರಿಯ ಬೆಕ್ಕುಗಳು ಬೆಚ್ಚಗೆ ಮಲಗಲು ಅಲ್ಲಿಗೆ ಬರುತ್ತಿದ್ದವು ಎನ್ನುತ್ತಾರೆ. ಒಂದೇ ಬಂಡೆಯ ಮೇಲೆ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಇಬ್ಬರೂ ಕೂತರು, ಏಳು ವರ್ಷದಲ್ಲಿ ಏಳು ಮಾತು ಆಡಲಿಲ್ಲ. ಅವಳು ಕಂಡ ಮೀನನ್ನು ಅವನು ಬಾಯಿಗೆ ಇಡುತ್ತಿರಲಿಲ್ಲ. ಚಿಕ್ಕು ಹೊಳೆಗೆ ಗಾಳ ಹಾಕಿಸಿ ಮುಗುಡು ತರಿಸಿ ಬೇರೆ ಗಡಿಗೆಯಲ್ಲಿ ಸಾರು ಮಾಡಬೇಕಾಗಿತ್ತು. ಕಡಲ ದಡದ ಊರಿನಲ್ಲಿ ಕೆಸರು ವಾಸನೆಯ ಹೊಳೆಮೀನು!

“ಅವ್ಳ್ ಕಂಡ ಬಂಗ್ಡಿ, ನೀವ್ ಕಂಡ ಬಂಗ್ಡಿ ಅಂದ್ಹೇಳಿ ಮೀನಿನ್ ಬೆನ್ನ್ ಮೇಲ್ ಬರ್ಕಂಡಿತ್ತಾ?” ಎಂದು ಚಿಕ್ಕು ಒಲೆಯ ಮುಂದಿನಿಂದ ಕೇಳುವಳು. ಬಚ್ಚ ತಲೆ ಎತ್ತದೆ ಮುಳ್ಳು ಬಿಡಿಸುವನು. ಬರೆದಿತ್ತು. ಅವನ ಕಣ್ಣಿಗೆ ಬರೆದದ್ದು ಕಾಣುತ್ತಿತ್ತು.

ಏಳನೆಯ ವರ್ಷದ ಆಶ್ವಯುಜದಲ್ಲಿ, ಮಳೆಗಾಲ ಮುಗಿದು ಕಡಲು ತಿಳಿಯಾಗಿದ್ದ ಒಂದು ಮಧ್ಯಾಹ್ನ, ಅಳಿವೆಯ ಬಾಯಿಗೆ ಬಂಗುಡೆಯ ಹಿಂಡೊಂದು ಬಂತು. ಅಂಥ ಹಿಂಡನ್ನು ಪಡುವಳಿವೆ ಹಿಂದೆ ಕಂಡಿರಲಿಲ್ಲ, ಮುಂದೂ ಕಾಣಲಿಲ್ಲ. ನೀರಿನ ಮೇಲೆ ಚಪ್ಪಲಿ ಬಿಟ್ಟು ನಡೆದು ಹೋಗಬಹುದಿತ್ತು. ದಾರು ಸೆರಗು ಎತ್ತಿದಳು, ದೋಣಿ ಬಲೆ ಬಿಟ್ಟಿತು, ಊರಿನಲ್ಲಿ ನಡೆಯಬಲ್ಲವರೆಲ್ಲ ಕಡಲತೀರದ ಬಡಗುತುದಿಗೆ, ಅಳಿವೆಯ ಮರಳದಿಣ್ಣೆಗೆ ಬಂದು ಹಗ್ಗ ಹಿಡಿದರು. ಚಿಕ್ಕುವೂ ಹೋದಳು. ಆದರೂ ಬಲೆ ಅಲುಗಲಿಲ್ಲ. ನೋಡುವ ಕೆಲಸ ಮುಗಿದಿತ್ತು, ಈಗ ಬೇಕಾದದ್ದು ತೋಳು. ದಾರು ಸೆರಗು ಬಿಗಿದು ಗುಡ್ಡ ಇಳಿದು ಸಾಲಿನಲ್ಲಿ ಸೇರಿಕೊಂಡಳು. ಕಟ್ಟಳೆಯ ಬಚ್ಚ ಒಬ್ಬನೇ ಮೇಲೆ ಉಳಿದ. ಹಿಂದಿನಿಂದ ಇಡೀ ಊರಿನ ‘ಐಸಾ’ ಕೇಳುತ್ತಿತ್ತು. ಕಡಲಹಕ್ಕಿಗಳು ಹುಚ್ಚು ಹಿಡಿದ ಹಾಗೆ ಕಿರುಚುತ್ತಿದ್ದವು. ಬಚ್ಚ ಹಲ್ಲು ಕಚ್ಚಿ ಹೊಳೆಯನ್ನು ನೋಡುತ್ತಾ ಕೂತ.

ಹೊಳೆಯಲ್ಲಿ ಎಮ್ಮೆಗಳು ಇರಲಿಲ್ಲ. ಆ ಹೊತ್ತಿನಲ್ಲಿ ದಿನವೂ ನೀರಿನಲ್ಲಿ ಇರಬೇಕಾದವು ದಂಡೆ ಹತ್ತಿ ಬಾಲ ಎತ್ತಿ ಓಡುತ್ತಿದ್ದವು. ಬಚ್ಚ ಕಣ್ಣು ಕಿರಿದು ಮಾಡಿದ. ಎರಡು ಹರದಾರಿ ಆಚೆ, ಹೊಳೆಯ ತಿರುವಿನಲ್ಲಿ, ಗಾಳಿಯಿಲ್ಲದೆ ತೆಂಗಿನ ತಲೆಗಳು ಒಂದೊಂದಾಗಿ ಅಲುಗಿ ಮಲಗುತ್ತಿದ್ದವು. ಅದರ ಹಿಂದೆ ಕೆಂಪು ಗೋಡೆಯಂಥದು ಒಂದು ಬರುತ್ತಿತ್ತು. ಘಟ್ಟದ ಮೇಲೆ ಎಲ್ಲೋ ಆಕಾಶ ಬಿರಿದು ಸುರಿದ ನೀರು. ಅದರ ಮೇಲೆ ಹುಲ್ಲಿನ ಬಣವೆಯೊಂದು ತೇಲಿ ಬರುತ್ತಿತ್ತು, ಬಣವೆಯ ಮೇಲೆ ಕೂತ ಕೋಳಿ ಕಾವು ಬಿಟ್ಟು ಎದ್ದಿರಲಿಲ್ಲ. ಇಷ್ಟು ಅವನಿಗೆ ಬಿಡಿಸಿ ಕಂಡಿತು. ಮರಳದಿಣ್ಣೆಯ ಮೇಲಿದ್ದವರಿಗೆ ಮುಂಡಿಗೆಯ ಪೊದೆ ಅಡ್ಡ, ಮೇಲಾಗಿ ಎಲ್ಲರ ಮುಖವೂ ಕಡಲಿಗೆ. ನೆರೆ ಅಳಿವೆಗೆ ನುಗ್ಗಿದರೆ ದಿಣ್ಣೆ ದಿಣ್ಣೆಯಾಗಿ ಉಳಿಯುವುದಿಲ್ಲ. ತೆಂಕುತುದಿಯ ಹೆಬ್ಬಂಡೆಗಳಿಗೆ ಓಡಿದವರು ಮಾತ್ರ ಉಳಿಯುತ್ತಾರೆ.

ಮುಚ್ಚಿಡುವುದು ಯಾಕೆ, ಆ ಕ್ಷಣದಲ್ಲಿ ಬಚ್ಚನ ಮನಸ್ಸಿಗೆ ಬಂದ ಮೊದಲ ಮಾತು ಒಳ್ಳೆಯದಲ್ಲ. ‘ಈಗ ಕಾಣಲಿ ಅವಳ ಕಣ್ಣಿಗೆ’ ಎಂದುಕೊಂಡ. ಏಳು ವರ್ಷದಲ್ಲಿ ಮೊದಲ ಸಲ ಹೊಟ್ಟೆಯ ಉರಿ ತಣ್ಣಗಾಯಿತು. ಒಂದೇ ಒಂದು ಉಸಿರಿನಷ್ಟು ಹೊತ್ತು. ಆ ಉಸಿರು ಹೊರಗೆ ಬರುವಾಗ ಹಗ್ಗದ ಸಾಲಿನಿಂದ ಚಿಕ್ಕುವಿನ ಒಡಕು ಗಂಟಲಿನ ‘ಐಸಾ’ ಎಲ್ಲರ ದನಿಯ ಮೇಲೆ ತೇಲಿ ಬಂತು. ಬಚ್ಚ ದಡಕ್ಕನೆ ಎದ್ದ. ಕೂಗಿದರೆ ತೆರೆಯ ಸದ್ದಿನಲ್ಲಿ ಕೇಳುವುದಿಲ್ಲ. ತೊಡೆಯ ಕೆಳಗಿನ ಬಟ್ಟೆ ಕೈಗೆ ಬಂತು. ‘ಓಡಿ’ ಎನ್ನುವ ಮಾತು ಬಟ್ಟೆಗೆ ಗೊತ್ತಿರಲಿಲ್ಲ, ‘ತೆಂಕಿಗೆ’ ಎನ್ನುವುದು ಗೊತ್ತಿತ್ತು. ಕಣ್ಣನ್ನು ನೆರೆಯ ಮೇಲಿಂದ ಕೀಳದೆ, ಹುಟ್ಟಿದಾಗಿನಿಂದ ಬಂದ ಅಭ್ಯಾಸದಂತೆ, ಎಡಗೈಯನ್ನು ಭುಜ ಕಳಚುವಷ್ಟು ಚಾಚಿ ಬೀಸಿದ. ಕಡಲಿಗೆ ಮುಖ ಮಾಡಿದವನ ಎಡಗೈ ತೆಂಕಿಗಿರುತ್ತದೆ. ಘಟ್ಟಕ್ಕೆ ಮುಖ ಮಾಡಿದವನ ಎಡಗೈ ಇರುವುದು ಬಡಗಿಗೆ. ಅದು ಅವನಿಗೆ ಹೊಳೆಯಲೇ ಇಲ್ಲ.

ಕೆಳಗೆ ಯಾರೋ ನೋಡಿದರು. ಏಳು ವರ್ಷದ ಮೇಲೆ ಬಚ್ಚನ ಬಟ್ಟೆ ಎದ್ದಿದೆ, ಬಡಗಿಗೆ ಚಾಚಿದೆ! ಹಿಂಡು ತಪ್ಪಿಸಿಕೊಳ್ಳುತ್ತಿದೆ ಎಂದು ಕುಪ್ಪಯ್ಯ ತಾಂಡೇಲ ಅರ್ಥ ಮಾಡಿಕೊಂಡ. “ಬಡ್ಗಿಗೆ! ಹಗ್ಗ ಬಡ್ಗಿಗೆ ಎಳಿನಿ!” ಎಂದು ಅರಚಿದ. ಊರಿಗೆ ಊರೇ ಅಳಿವೆಯ ಬಾಯಿಯ ಕಡೆ, ನೆರೆಯ ಬಾಯಿಗೇ, ಹೆಜ್ಜೆ ಇಡತೊಡಗಿತು. ದಾರು ಮಾತ್ರ ಹಗ್ಗ ಬಿಟ್ಟು ತಿರುಗಿ ಗುಡ್ಡದ ನೆತ್ತಿ ನೋಡಿದಳು. ಅಷ್ಟು ದೂರಕ್ಕೆ ಬೇರೆಯವರಿಗೆ ಕಂಡದ್ದು ಒಂದು ಕಡ್ಡಿಯಷ್ಟು ಮನುಷ್ಯ, ಒಂದು ಚೂರು ಬಿಳುಪು. ಅವಳಿಗೆ ಮುಖ ಇರಬೇಕಾದ ಜಾಗದಲ್ಲಿ ಜುಟ್ಟಿನ ಗಂಟು ಕಂಡಿತು.

“ಹ್ವಾಯ್, ನಿಲ್ಲಿ! ಅದ್ ಅವ್ರ್ ಬೆನ್ನ್! ಏಳ್ ವರ್ಷ ಮುಖ ತೋರ್ಸದವ್ರ್ ಇವತ್ತ್ ತೋರ್ಸ್ತ್ರಾ? ಅದ್ ಎಡ್ಗೈ! ಹೊಳಿಯಿಂದ ಎಂತದೋ ಬತ್ತಿತ್ತ್! ಹಗ್ಗ ಬಿಡಿ, ತೆಂಕಿಗ್ ಓಡಿ!”

ಆ ಬೆನ್ನನ್ನು ಅವಳಷ್ಟು ಬಲ್ಲವರು ಊರಿನಲ್ಲಿ ಇರಲಿಲ್ಲ, ಚಿಕ್ಕುವೂ ಇಲ್ಲ. ದಾರು ಓಡಿದಳು, ಅವಳ ಹಿಂದೆ ಊರು ಓಡಿತು. ಕಡೆಯವನ ಕಾಲು ಹೆಬ್ಬಂಡೆಗೆ ತಾಗುವುದಕ್ಕೂ ಕೆಂಪು ನೀರು ಅಳಿವೆಯನ್ನು ಸೀಳುವುದಕ್ಕೂ ಸರಿಹೋಯಿತು. ದಿಣ್ಣೆ ಸಕ್ಕರೆಯ ಹಾಗೆ ಕರಗಿತು. ಅರ್ಧ ಹರದಾರಿಯ ಬಲೆ, ಚಪ್ಪಲಿ ಬಿಟ್ಟು ನಡೆಯಬಹುದಾದ ಬಂಗುಡೆ, ನಾಲ್ಕು ದೋಣಿ, ಎಲ್ಲ ಕಡಲಿಗೆ ಹೋದವು. ದೋಣಿಯವರು ಈಜಿ ದಡ ಸೇರಿದರು. ಮನುಷ್ಯರಲ್ಲಿ ಒಬ್ಬರೂ ಕಡಿಮೆಯಾಗಲಿಲ್ಲ. ಬಡಗುಬಂದರಿನ ಕಡೆಯ ದಡವೂ ಆ ದಿನವೇ ಕುಸಿದದ್ದು. ತಮ್ಮ ಹಳೆಯ ಕೋಟೆಯನ್ನು ವೈರಿಗಳು ಕೆಡವಿದರು ಎಂದು ಅವರು ಹೇಳುವುದು ಸುಳ್ಳು. ಅದು ನಮ್ಮ ಹೊಳೆಯ ಕೆಲಸ.

ಸಂಜೆ ನೀರಿಳಿಯಿತು. ಊರಿನವರು ಹೆಬ್ಬಂಡೆಗಳಿಂದ ಇಳಿದು ಬರುವುದನ್ನು ಬಚ್ಚ ಗುಡ್ಡದ ಮೇಲೆ ಕೇಳಿಸಿಕೊಂಡ. ಬಟ್ಟೆ ಕೊಡವಿದ, ಜುಟ್ಟು ಬಿಗಿದ, ಕೂತ. ಬರುತ್ತಾರೆ, ಕಾಲಿಗೆ ಬೀಳುತ್ತಾರೆ, ನೆರೆ ಕಂಡದ್ದು ಯಾರು ಎಂದು ಕೇರಿಯಲ್ಲಿ ಬಾಗಿಲು ಬಾಗಿಲಿನಲ್ಲಿ ಮಾತಾಗುತ್ತದೆ. ಕಾದ. ಕೆಳಗಿನಿಂದ ಕೇಳಿಬಂದದ್ದು ದಾರುವಿನ ಹೆಸರು. ನೆರೆ ಬಿಟ್ಟುಹೋದ ಮೀನನ್ನು ಮರಳಿನಿಂದ ಆಯ್ದು ಕುಪ್ಪಯ್ಯ ತಾಂಡೇಲ ಮೊದಲ ಬುಟ್ಟಿಯನ್ನು ಅವಳ ಕೈಗೇ ಕೊಟ್ಟ. “ನಿನ್ ಕಣ್ ಇಲ್ದಿದ್ರೆ ಆ ಮಾರಾಯನ್ ಕೈ ನಮ್ಮನ್ನ್ ಕಡ್ಲಿಗ್ ಕಳ್ಸ್ತಿತ್ತ್” ಎಂದ. ಜನ ನಕ್ಕರು. ಬಚ್ಚನ ಕಿವಿಗೆ ಒಂದೊಂದು ನಗುವೂ ಬೇರೆ ಬೇರೆಯಾಗಿ ಬಿತ್ತು. ಕಂಡವನು ಅವನು. ಬೀಸಿದವನು ಅವನು. ಬುಟ್ಟಿ ಮತ್ತೂ ಅವಳದ್ದೇ. ತಣ್ಣಗಾಗಿದ್ದ ಕಲ್ಲು ಪುನಃ ಕಾಯತೊಡಗಿತು.

ಸ್ವಲ್ಪ ಹೊತ್ತಿಗೆ ಬಂಡೆಯ ಹಿಂದೆ ಹೆಜ್ಜೆ ಸದ್ದಾಯಿತು. ಅವನು ತಿರುಗಲಿಲ್ಲ. ಪರಿಚಿತ ಸೆರಗಿನ ಪಟಪಟ. ದಾರು ಬುಟ್ಟಿ ಹೊತ್ತುಕೊಂಡೇ ಮೇಲೆ ಬಂದಿದ್ದಳು.

“ಇದ್ ನಾ ಕಂಡ ಮೀನಲ್ಲ ಬಚ್ಚಣ್ಣ. ಪೂರಾ ಮುಗ್ಡು. ಹೊಳಿದ್. ನೀವ್ ಕಂಡ ನೀರೇ ತಂದದ್.”

ಕೆಸರಿನ ವಾಸನೆ ಬಚ್ಚನ ಭುಜದ ಮೇಲಿನಿಂದ ಮುಂದೆ ಬಂತು. ಕಡೆಗೆ, “ಹಿಂದ್ಗಡಿಯಿಂದ್ಲೇ ಇಡ್. ಎದ್ರ್ ಬಪ್ಪುದ್ ಬ್ಯಾಡ” ಎಂದ. ಅವಳು ಹಾಗೆಯೇ ಇಟ್ಟು, ತನ್ನ ಜಾಗದಲ್ಲಿ ಕಡಲಿಗೆ ಮುಖ ಮಾಡಿ ಕೂತಳು. ಆ ಬುಟ್ಟಿಯನ್ನು ಚಿಕ್ಕು ಹೊತ್ತು ಕೇರಿಯ ನಡುವೆ ನಡೆದಾಗ ಬಚ್ಚ ಹಿಂದಿನಿಂದ ಬಂದನೋ ಇಲ್ಲವೋ ಎಂಬುದರಲ್ಲಿ ಎರಡು ಮಾತಿದೆ. ಮೀನಿನ ಸಾರು ಉಂಡನಂತೆ, ಉಪ್ಪು ಜಾಸ್ತಿ ಎಂದನಂತೆ. ಊರಿನವರು ಮಾತ್ರ ಅಂದಿನಿಂದ ಬುದ್ಧಿ ಕಲಿತು, ಒಬ್ಬರ ಕಣ್ಣು ಕಡಲಿಗೆ, ಒಬ್ಬರ ಕಣ್ಣು ಹೊಳೆಗೆ ಎಂದು ಗೊತ್ತು ಮಾಡಿದರು. ಹಾಗಾಗಿ ಬಚ್ಚನ ಮುನಿಸೇ ಊರಿನ ಕೆಲಸವಾಯಿತು. ಅವನ ಹೊಟ್ಟೆಯುರಿ ತೀರಿತು ಎಂದು ಯಾರೂ ಹೇಳುವುದಿಲ್ಲ. ಮತ್ತೂ ಇಪ್ಪತ್ತು ವರ್ಷ ಅವನು ಹಾಗೆಯೇ ಕೂತ. ಸಾಯುವ ದಿನ ಚಿಕ್ಕುವನ್ನು ಹತ್ತಿರ ಕರೆದು, ಗುಡ್ಡಕ್ಕೆ ಹೋಗಿ ಗುಳಿಗಳನ್ನು ಅಳೆದು ಬಾ ಎಂದನಂತೆ. ಅವಳು ಹೋಗಿ ಬಂದು, “ನಿಮ್ದೇ ನಾಲ್ಕ್ ಬೆರಳ್ ಆಳ” ಎಂದಮೇಲೆ ಕಣ್ಣು ಮುಚ್ಚಿದ. ಮುಂದಿನ ವರ್ಷ ಹೊಸ ಹಡಗಿನ ವ್ಯಾಪಾರಿಗಳು ಆ ಬಂಡೆಯ ಹೆಸರೇನು ಎಂದು ಕೇಳಿದಾಗ, ಒಬ್ಬಳೇ ಕೂತಿದ್ದ ದಾರು ಹಿಂದಿನ ಖಾಲಿ ಗುಳಿಯ ಮೇಲೆ ಕೈಯಿಟ್ಟು ಮುನಿಸುಗಲ್ಲು ಎಂದಳು. ಆ ಹೆಸರೇ ಉಳಿಯಿತು.

ಇಂದಿಗೂ ಮಳೆಗಾಲ ಮುಗಿದು ಬಲೆ ನೀರಿಗಿಳಿಯುವ ಮೊದಲ ದಿನ ಊರಿನವರು ಗುಡ್ಡ ಹತ್ತಿ ಪಡುವಣ ಗುಳಿಯಲ್ಲಿ ಒಂದು ಬಂಗುಡೆ, ಮೂಡಣ ಗುಳಿಯಲ್ಲಿ ಒಂದು ಮುಗುಡು ಇಡುತ್ತಾರೆ. ಮುಗುಡನ್ನು ಹಿಂದಿನಿಂದಲೇ ಇಡುವುದು, ಎದುರು ಹೋಗುವುದಿಲ್ಲ. ಬಂದವರು ಎರಡರಲ್ಲೂ ಕೂತು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಹೊಸದಾಗಿ ಮದುವೆಯಾದವರು ಬೆನ್ನಿಗೆ ಬೆನ್ನು ಕೊಟ್ಟು ಕೂತು ನಗುತ್ತಾರೆ. ಮಳೆ ನಿಂತ ಮೇಲೆ ದಾರುವಿನ ಗುಳಿಯ ನೀರು ಮೂರು ದಿನಕ್ಕೆ ಆರುತ್ತದೆ, ಬಚ್ಚನದು ಅರ್ಧ ದಿನ ತಡೆಯುವುದಿಲ್ಲ, ಆಳ ಜಾಸ್ತಿ ಇದ್ದರೂ. ಕಲ್ಲು ಇನ್ನೂ ಬೆಚ್ಚಗಿದೆ ಎನ್ನುತ್ತಾರೆ. ಭಾನುವಾರ ಬಡಗುಬಂದರಿನವರೂ ದೋಣಿ ದಾಟಿ ಬರುತ್ತಾರೆ. ಬಂಡೆಯ ಸುತ್ತ ಒಂದು ಸುತ್ತು ಹಾಕಿ, ಎರಡು ಗುಳಿ ಬಿಟ್ಟರೆ ಇಲ್ಲಿ ಮತ್ತೇನಿದೆ ಎಂದು ಮೂಗು ಮುರಿಯುತ್ತಾರೆ. ಮುರಿದು, ಹೊರಡುವ ಮೊದಲು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಂದೊಂದರಲ್ಲೂ ಕೈ ಇಳಿಸಿ ಯಾವುದು ಆಳ ಎಂದು ಬೆರಳಿನಲ್ಲಿ ಅಳೆಯುತ್ತಾರೆ.